ಕಂಪ್ಯೂಟರನ್ನು ಹಿಂದಿನ ಸುಸ್ಥಿತಿಗೆ ಮರಳಿಸುವ ಬಗೆ

ಹೊಸ ಡ್ರೈವರ್ (ಪ್ರಿಂಟರಿನಂಥ ಸಾಧನಗಳನ್ನು ನಡೆಸಲು ಬೇಕಾದ ಪುಟ್ಟ ತಂತ್ರಾಂಶ) ಅಥವಾ ಬೇರೆ ತಂತ್ರಾಂಶವನ್ನು ಅಳವಡಿಸಿದ ಬಳಿಕ ನಿಮ್ಮ ವಿಂಡೋಸ್ ಕಂಪ್ಯೂಟರ್ ತೊಂದರೆ ಕೊಡತೊಡಗಿದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವ ಮೊದಲು ಅದರಲ್ಲಿಯೇ ಇರುವ ಸಿಸ್ಟಮ್ ರಿಸ್ಟೋರ್ ಸೌಲಭ್ಯವನ್ನು ದಯವಿಟ್ಟು ಒಮ್ಮೆ ಬಳಸಿ ನೋಡಿ. ಇದು ಸಿಸ್ಟಮ್ ಫೈಲುಗಳನ್ನು, ರಿಜಿಸ್ಟ್ರಿಯನ್ನು (ವಿಂಡೋಸಿನ ಸೆಟ್ಟಿಂಗುಗಳ ಸಂಗ್ರಹ) ಮತ್ತು ಡ್ರೈವರುಗಳನ್ನು ಹಿಂದಿನ ಸ್ಥಿತಿಗೆ ಒಯ್ಯುತ್ತದೆಯೇ ಹೊರತು ನಿಮ್ಮ ಫೋಟೋ, ದಾಖಲೆಗಳನ್ನು ಮುಟ್ಟುವುದಿಲ್ಲ. ಆದರೆ ನೀವು ಮರಳುವ ಆ ಹಿಂದಿನ ದಿನದ ನಂತರ ಹಾಕಿಕೊಂಡ ತಂತ್ರಾಂಶಗಳು ಹೊರಟುಹೋಗುತ್ತವೆ. ಅವು ಯಾವುವೆಂದು ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಗುಂಡಿಯನ್ನು ಒತ್ತಿ ಮೊದಲೇ ತಿಳಿದುಕೊಳ್ಳಬಹುದು.

ಬಹಳ ಮಂದಿ ಎಡವುವುದು ಇಲ್ಲಿ: ಎಷ್ಟೋ ಕಂಪ್ಯೂಟರುಗಳಲ್ಲಿ ಇದಕ್ಕೆ ಬೇಕಾದ ‘ಸಿಸ್ಟಮ್ ಪ್ರೊಟೆಕ್ಷನ್’ ಎಂಬ ರಕ್ಷಣೆ ಚಾಲನೆಯಲ್ಲಿಯೇ ಇರುವುದಿಲ್ಲ, ಮತ್ತು ರಿಸ್ಟೋರ್ ಪಾಯಿಂಟ್, ಅಂದರೆ ಕಂಪ್ಯೂಟರಿನ ಆಗಿನ ಸ್ಥಿತಿಯನ್ನು ಉಳಿಸಿಟ್ಟ ದಾಖಲೆ, ಇಲ್ಲದಿದ್ದರೆ ಮರಳಲು ಜಾಗವೇ ಇರುವುದಿಲ್ಲ. ಆದ್ದರಿಂದ ಕಂಪ್ಯೂಟರ್ ಸರಿಯಾಗಿರುವಾಗಲೇ ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಸಿ ಡ್ರೈವನ್ನು ಆರಿಸಿ, ‘ಕಾನ್ಫಿಗರ್’ನಲ್ಲಿ ರಕ್ಷಣೆಯನ್ನು ಚಾಲೂ ಮಾಡಿ, ಸ್ವಲ್ಪ ಜಾಗವನ್ನು ಮೀಸಲಿಟ್ಟು, ‘ಕ್ರಿಯೇಟ್’ ಒತ್ತಿ ದಿನಾಂಕ ನೆನಪಿಗೆ ಬರುವಂಥ ಹೆಸರು ಕೊಡಿ. ನಮ್ಮ ಮನೆಯಲ್ಲಿ ಪ್ರಿಂಟರ್ ಡ್ರೈವರ್ ಹಾಕಿದ ನಂತರ ಲ್ಯಾಪ್‌ಟಾಪಿನ ಧ್ವನಿಯೇ ನಿಂತುಹೋದಾಗ, ಹಿಂದಿನ ವಾರ ಮಾಡಿಟ್ಟಿದ್ದ ಇಂಥದೊಂದು ಪಾಯಿಂಟ್ ನಮ್ಮನ್ನು ಕಾಪಾಡಿತು.

ವಿಂಡೋಸ್ ತೆರೆದುಕೊಳ್ಳದೆ ಪದೇ ಪದೇ ವಿಫಲವಾದರೆ ಸಾಮಾನ್ಯವಾಗಿ ರಿಕವರಿ ಪರದೆ ತಾನಾಗಿಯೇ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಬಳಿಕ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಇದೇ ಸೌಲಭ್ಯವಿದೆ. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವವರಿಗೆ ಆಗ 48 ಅಂಕಿಗಳ ರಿಕವರಿ ಕೀ ಬೇಕಾಗಬಹುದು, ಅದನ್ನು ಕಾಗದದಲ್ಲಿ ಬರೆದಿಡಿ. ಮರಳಿಸುವ ಕೆಲಸ ನಡೆಯುತ್ತಿರುವಾಗ ಲ್ಯಾಪ್‌ಟಾಪ್ ಚಾರ್ಜರಿನಲ್ಲಿಯೇ ಇರಲಿ, ಎಷ್ಟೇ ಹೊತ್ತು ಹಿಡಿದರೂ ನಡುವೆ ಆಫ್ ಮಾಡಬೇಡಿ.