ಫ್ಯಾನಿನ ಮೂರು ವೈರ್: ಕಂಡೆನ್ಸರ್ ಬದಲಿಸುವಾಗ ಎಡವುವುದು ಇಲ್ಲೇ

ಸ್ವಿಚ್ ಹಾಕಿದರೆ ಸೀಲಿಂಗ್ ಫ್ಯಾನ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪೊರಕೆ ಹಿಡಿಯಿಂದ ರೆಕ್ಕೆ ನೂಕಿದರೆ ಓಡುತ್ತದೆ. ಬಹುಪಾಲು ಇದು ಕಂಡೆನ್ಸರ್ (ಮೋಟರಿಗೆ ಮೊದಲ ನೂಕು ಕೊಡುವ ಭಾಗ) ಸತ್ತ ಲಕ್ಷಣ. ಆದರೂ ಅಂಗಡಿಗೆ ಓಡುವ ಮುನ್ನ ಕರೆಂಟ್ ತೆಗೆದು ರೆಕ್ಕೆಯನ್ನು ಕೈಯಲ್ಲೇ ಒಮ್ಮೆ ತಿರುಗಿಸಿ. ಹಗುರಾಗಿ ಕೆಲವು ಸುತ್ತು ಹೋಗಿ ನಿಂತರೆ ಸರಿ. ಕರಕರ ಎಂದು ತಕ್ಷಣ ನಿಂತರೆ ಬೇರಿಂಗ್ ಹೋಗಿದೆ, ಕಂಡೆನ್ಸರ್ ಹಾಕಿ ಪ್ರಯೋಜನವಿಲ್ಲ. ರಿಮೋಟ್ ಇರುವ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನಿಗೆ ಈ ಲೇಖನ ಅನ್ವಯಿಸದು. ಅದರ ಒಳಗಿರುವುದು ಸರ್ಕಿಟ್ ಬೋರ್ಡ್, ಅದನ್ನು ಬಿಚ್ಚಬೇಡಿ.

ಹಳೆಯ ಕಂಡೆನ್ಸರ್ ಮೇಲೆ ಬರೆದಿರುವ ಅಳತೆಯದ್ದನ್ನೇ ತನ್ನಿ. ಮನೆಗಳಲ್ಲಿರುವ 1200 ಮಿ.ಮೀ. ಫ್ಯಾನುಗಳಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಇರುತ್ತದೆ, ಕೆಲವಕ್ಕೆ 3.15. ವೋಲ್ಟೇಜ್ 440 ಎಂದಿರಬೇಕು. ಮನೆಗೆ ಬರುವುದು 230 ವೋಲ್ಟ್ ತಾನೇ ಎಂದು 250ರದ್ದು ತಂದರೆ ಬೇಗ ಊದಿಕೊಳ್ಳುತ್ತದೆ, ಏಕೆಂದರೆ ಫ್ಯಾನ್ ಓಡುವಾಗ ಕಂಡೆನ್ಸರ್ ಮೇಲೆ ಬೀಳುವ ವೋಲ್ಟೇಜ್ ಲೈನಿನದ್ದಕ್ಕಿಂತ ಹೆಚ್ಚು. ‘ಸ್ಪೀಡ್ ಜಾಸ್ತಿ ಬರುತ್ತೆ, 4 ಹಾಕಿಸಿ’ ಎನ್ನುವ ಅಂಗಡಿಯವರ ಮಾತು ಕೇಳಲೇಬೇಡಿ. ಗಾಳಿ ಅಷ್ಟಾಗಿ ಹೆಚ್ಚುವುದಿಲ್ಲ. ಸ್ಟಾರ್ಟಿಂಗ್ ಕಾಯಿಲ್‌ನಲ್ಲಿ ಹೆಚ್ಚು ಕರೆಂಟ್ ಹರಿದು ಅದು ಕಾದು ಕಾದು ಒಂದು ದಿನ ಸುಟ್ಟೇಹೋಗುತ್ತದೆ. ಹೆಸರು, ಅಳತೆ ಯಾವುದೂ ಸರಿಯಾಗಿ ಅಚ್ಚಾಗಿರದ ಕಂಡೆನ್ಸರ್ ಪುಕ್ಕಟೆ ಕೊಟ್ಟರೂ ಬೇಡ.

ಕರೆಂಟ್ ತೆಗೆಯುವುದು ಎಂದರೆ ಗೋಡೆಯ ಸ್ವಿಚ್ ಆರಿಸುವುದಲ್ಲ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ವೈರ್) ಮೇಲೆ ಕೂರಿಸಿರುವುದುಂಟು. ಆಗ ಸ್ವಿಚ್ ಆರಿದ್ದರೂ ಫ್ಯಾನಿನಲ್ಲಿ ಫೇಸ್, ಅಂದರೆ ಶಾಕ್ ಕೊಡುವ ಕರೆಂಟ್, ಇದ್ದೇ ಇರುತ್ತದೆ. ಮೇನ್ ಬೋರ್ಡಿನಲ್ಲಿರುವ ಎಂಸಿಬಿ (ತಾನಾಗಿ ಟ್ರಿಪ್ ಆಗುವ ಸ್ವಿಚ್) ಇಳಿಸಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲವಾದರೆ ಮೇನ್ ಇಳಿಸಿದ ಮರುಕ್ಷಣವೇ ಅದು ಫ್ಯಾನಿಗೆ ಕರೆಂಟ್ ಕೊಡುತ್ತದೆ. ಟೆಸ್ಟರ್ ಉರಿಯುತ್ತದೆಯೇ ಎಂದು ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ನೋಡಿಕೊಂಡು, ಆಮೇಲೆ ಫ್ಯಾನಿನ ವೈರುಗಳನ್ನೆಲ್ಲ ಮುಟ್ಟಿಸಿ. ಪ್ಲಾಸ್ಟಿಕ್ ಕುರ್ಚಿ ಹತ್ತಬೇಡಿ. ಏಣಿ ಹಾಕಿ, ಕೆಳಗೊಬ್ಬರು ಹಿಡಿದಿರಲಿ.

ರಾಡಿನ ಮೇಲ್ತುದಿ ಮುಚ್ಚುವ ಕಪ್ಪಿನ ಸ್ಕ್ರೂ ಸಡಿಲಿಸಿ ಕೆಳಗಿಳಿಸಿದರೆ ಸಾಮಾನ್ಯವಾಗಿ ಕಂಡೆನ್ಸರ್, ಕನೆಕ್ಟರ್ ಕಾಣುತ್ತವೆ; ಫ್ಯಾನ್ ಇಳಿಸುವ ಅಗತ್ಯವಿಲ್ಲ. ಏನನ್ನೂ ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಇನ್ಸುಲೇಷನ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಕಂಡೆನ್ಸರಿನ ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಿಸಿ, ಉಳಿದ ಚಾರ್ಜ್ ಹೋಗಲಿ. ಅದರ ಶಾಕ್ ಸಣ್ಣದೇ, ಆದರೆ ಆ ಗಾಬರಿಗೆ ಏಣಿಯಿಂದ ಬೀಳುವುದು ಸಣ್ಣದಲ್ಲ.

ಫೋಟೊ ಇದ್ದು, ಯಾರೂ ಕೈಯಾಡಿಸಿರದ ವೈರಿಂಗ್ ಆಗಿದ್ದರೆ ಹಳೆಯದರ ಜಾಗಕ್ಕೆ ಹೊಸದು ಕೂರಿಸಿದರೆ ಮುಗಿಯಿತು. ಎಲ್ಲ ಬಿಚ್ಚಿಹೋಗಿದ್ದರೆ, ಇಲ್ಲವೇ ಫ್ಯಾನ್ ಒಮ್ಮೆ ರೀವೈಂಡಿಂಗ್ (ಕಾಯಿಲ್ ಹೊಸದಾಗಿ ಸುತ್ತಿಸುವುದು) ಆಗಿ ಬಂದಿದ್ದರೆ ನಿಜವಾದ ಕೆಲಸ ಈಗ ಶುರು. ಮೋಟರಿನೊಳಗೆ ಎರಡು ಕಾಯಿಲ್: ರನ್ನಿಂಗ್ ಮತ್ತು ಸ್ಟಾರ್ಟಿಂಗ್. ಎರಡರ ಒಂದೊಂದು ತುದಿ ಒಳಗೇ ಕೂಡಿ ಕಾಮನ್ ಆಗಿರುತ್ತದೆ. ಹಾಗಾಗಿ ಹೊರಗೆ ಬರುವುದು ಮೂರೇ ವೈರ್. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬೇರೆ. ರೀವೈಂಡಿಂಗ್ ಅಂಗಡಿಯಲ್ಲಂತೂ ಕೈಗೆ ಸಿಕ್ಕ ಬಣ್ಣ.

ಮೂರೂ ವೈರುಗಳನ್ನು ಬಿಡಿಬಿಡಿಯಾಗಿಸಿ, ಮಲ್ಟಿಮೀಟರನ್ನು 2000 ಓಮ್‌ಗೆ ತಿರುಗಿಸಿ, ಎರಡೆರಡು ವೈರ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಉದಾಹರಣೆಗೆ 170, 230, 400 ಬಂತು ಎನ್ನಿ. ಸಣ್ಣ ಎರಡನ್ನು ಕೂಡಿದರೆ ದೊಡ್ಡದು ಬರಬೇಕು, ಬಂದರೆ ಕಾಯಿಲ್ ಎಲ್ಲೂ ಕತ್ತರಿಸಿಲ್ಲ. 400 ತೋರಿಸಿದ ಜೋಡಿಯಲ್ಲಿ ಇಲ್ಲದ ಮೂರನೆಯ ವೈರೇ ಕಾಮನ್. ಸಾಮಾನ್ಯವಾಗಿ ಕಾಮನ್‌ನಿಂದ 170 ತೋರಿಸುವುದು ರನ್ನಿಂಗ್, 230 ತೋರಿಸುವುದು ಸ್ಟಾರ್ಟಿಂಗ್. ಎರಡೂ ಹೆಚ್ಚುಕಡಿಮೆ ಸಮ ಬಂದರೆ ಯಾವುದನ್ನು ರನ್ನಿಂಗ್ ಮಾಡಿದರೂ ಓಡುತ್ತದೆ, ದಿಕ್ಕು ಮಾತ್ರ ಬದಲಾಗುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕತ್ತರಿಸಿದೆ. ಯಾವುದೇ ವೈರ್ ಫ್ಯಾನಿನ ಲೋಹದ ಮೈಗೆ ಓಮ್ ತೋರಿಸಿದರೆ ಬಾಡಿ ಶಾರ್ಟ್, ಅದಕ್ಕೆ ಕರೆಂಟ್ ಕೊಡಲೇಕೂಡದು.

ಕೂಡಿಸುವುದು ಹೀಗೆ. ಕಂಡೆನ್ಸರಿನ ಒಂದು ವೈರ್ ರನ್ನಿಂಗ್‌ಗೆ, ಇನ್ನೊಂದು ಸ್ಟಾರ್ಟಿಂಗ್‌ಗೆ. ಅದಕ್ಕೆ ಪ್ಲಸ್–ಮೈನಸ್ ಇಲ್ಲ. ರೆಗ್ಯುಲೇಟರಿನಿಂದ ಬರುವ ಫೇಸ್ ರನ್ನಿಂಗ್ ಇರುವ ಕಡೆಗೆ. ನ್ಯೂಟ್ರಲ್ ಕಾಮನ್‌ಗೆ. ಸ್ಟಾರ್ಟಿಂಗ್‌ಗೆ ಕಂಡೆನ್ಸರ್ ಬಿಟ್ಟು ಬೇರೇನೂ ಸೇರಕೂಡದು. ಫೇಸ್ ಅಲ್ಲಿ ಹೋಗಿ ಕೂತರೆ ಫ್ಯಾನ್ ಹಿಂದುಮುಂದಾಗಿ ತಿರುಗಿ ಗಾಳಿಯನ್ನು ಮೇಲಕ್ಕೆ ಎಸೆಯುತ್ತದೆ. ಆಗ ರೆಕ್ಕೆ ಬಿಚ್ಚಿ ಬಗ್ಗಿಸಲು ಹೋಗುವವರೂ ಇದ್ದಾರೆ! ಕಂಡೆನ್ಸರಿನ ಒಂದು ತುದಿ ತಪ್ಪಿ ಕಾಮನ್‌ಗೆ ಸೇರಿದರೆ ಫ್ಯಾನ್ ಗುಂಯ್ ಎಂದು ನಿಲ್ಲುತ್ತದೆ, ಇಲ್ಲವೇ ತೆವಳುತ್ತಾ ತಿರುಗಿ ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಹಳೆ ಕಂಡೆನ್ಸರ್ ಸತ್ತಾಗಲೂ ಹೀಗೇ ಆಗುವುದರಿಂದ, ಹೊಸದನ್ನೂ ಕೆಟ್ಟದ್ದೆಂದು ಬೈದು ಎಸೆದುಬಿಡುತ್ತಾರೆ.

ವೈರ್ ತಿರುಚಿ ಟೇಪ್ ಸುತ್ತುವುದು ಬೇಡ. ಮೋಟರಿನ ಬಿಸಿಗೆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂ ಇರುವ ಕನೆಕ್ಟರ್ ಹಾಕಿ, ಒಂದೇ ಒಂದು ಎಳೆಯೂ ಹೊರಗೆ ಇಣುಕದಿರಲಿ. ಹಸಿರು ಅರ್ತ್ ವೈರ್ ಇದ್ದರೆ ಮಡಚಿ ಒಳಗೆ ತುರುಕದೆ ಅದರ ಜಾಗಕ್ಕೇ ಬಿಗಿಯಿರಿ. ಕಪ್ ಮುಚ್ಚುವ ಮುನ್ನ ರಾಡಿನ ಬೋಲ್ಟಿನ ಸ್ಪ್ಲಿಟ್ ಪಿನ್ (ಬೋಲ್ಟ್ ಜಾರದಂತೆ ತಡೆಯುವ ಎರಡು ಕಾಲಿನ ಪಿನ್) ಕಾಲಗಲಿಸಿ ನಿಂತಿದೆಯೇ ನೋಡಿ, ಕಪ್ಪಿನ ಅಂಚಿಗೆ ಯಾವ ವೈರೂ ಸಿಕ್ಕಿಕೊಳ್ಳದಿರಲಿ.

ಇದೇ ಹೊತ್ತಿಗೆ ರೆಗ್ಯುಲೇಟರನ್ನೂ ಬದಲಿಸುವುದಾದರೆ, ಕಾಯುವ ಹಳೆ ಡಬ್ಬಿ ತೆಗೆದು ಹೆಜ್ಜೆಹೆಜ್ಜೆಗೆ ತಿರುಗುವ ಸ್ಟೆಪ್ ರೆಗ್ಯುಲೇಟರ್ ಹಾಕಿ. ಅದರ ಎರಡೂ ವೈರ್ ಫೇಸ್ ಲೈನಿನಲ್ಲೇ ಸಾಲಾಗಿ ಬರಬೇಕು, ನ್ಯೂಟ್ರಲ್ ಅದರ ಹತ್ತಿರವೂ ಸುಳಿಯಕೂಡದು. ಬಲ್ಬಿನ ಡಿಮ್ಮರ್ ಫ್ಯಾನಿಗಲ್ಲ.

ಮೊದಲು ಪೂರ್ತಿ ಸ್ಪೀಡಿನಲ್ಲಿ ಹತ್ತು ನಿಮಿಷ ಓಡಿಸಿ. ಮತ್ತೆ ಎಂಸಿಬಿ, ಯುಪಿಎಸ್ ಎರಡನ್ನೂ ಆರಿಸಿ ಮೋಟರಿನ ಮೈ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬಿಚ್ಚಿ, ಓಮ್ ಅಳತೆಗಳನ್ನು ಇನ್ನೊಮ್ಮೆ ತೆಗೆಯಿರಿ. ಕೊನೆಗೆ ನಿಂತ ಫ್ಯಾನನ್ನು ರೆಗ್ಯುಲೇಟರ್ 1ರಲ್ಲಿಟ್ಟು ಚಾಲೂ ಮಾಡಿ: ಪೊರಕೆಯ ನೆರವಿಲ್ಲದೆ ತಾನಾಗಿಯೇ ಹೊರಡಬೇಕು.