ಹರಕೆ ಲೆಕ್ಕದ ಪುಸ್ತಕ: ಆಸ್ತಿಕರೂ ನಾಸ್ತಿಕರೂ ಒಪ್ಪುವಂತೆ ಬರೆಯುವ ಬಗೆ

ಗಂಜಾಂನ ನಿಮಿಷಾಂಬ ನಿಮಿಷದಲ್ಲಿ ವರ ಕೊಡುತ್ತಾಳೆ ಎನ್ನುತ್ತಾರೆ ಅತ್ತೆ. ಎಲ್ಲ ಕಾಕತಾಳೀಯ ಎನ್ನುತ್ತಾನೆ ಅಳಿಯ. ಏನು ಬೇಡಿಕೊಂಡದ್ದು, ಎಷ್ಟು ದಿನದೊಳಗೆ ಆಗಬೇಕಿತ್ತು ಎಂದು ಮೊದಲೇ ಬರೆದಿಟ್ಟಿರುವುದಿಲ್ಲ, ಹಾಗಾಗಿ ಜಗಳ ಮುಗಿಯುವುದಿಲ್ಲ. ಫಲಿಸಿದ ಹರಕೆ ಮರೆಯುವುದಿಲ್ಲ: ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು, ನಾಲ್ಕು ಜನಕ್ಕೆ ಊಟ ಹಾಕಿಸಿರುತ್ತಾರೆ. ಫಲಿಸದ್ದಕ್ಕೆ ಉಳಿಯುವ ಗುರುತು ಹೆಚ್ಚೆಂದರೆ ದೇವರ ಗೂಡಿನಲ್ಲಿ ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು.

ಬೇಕಾದ್ದು 200 ಪುಟದ ನೋಟ್‌ಬುಕ್, ಒಂದು ಬಾಲ್‌ಪೆನ್. ಪೆನ್ಸಿಲ್ ಬೇಡ. ಪ್ರತಿ ಪುಟಕ್ಕೆ ಐದು ಕಾಲಂ ಗೆರೆ ಹಾಕಿ: ಹರಕೆ ಹೊತ್ತ ದಿನ, ಬೇಡಿಕೆ, ಗಡುವು, ಹರಕೆ ಇಲ್ಲದಿದ್ದರೂ ಆಗುವ ಸಂಭವ ನೂರಕ್ಕೆ ಎಷ್ಟು, ಕೊನೆಗೆ ಆದದ್ದು. ಪೇಚಾಟವೆಲ್ಲ ನಾಲ್ಕನೆಯ ಕಾಲಂನದು. ಇಬ್ಬರೂ ಕೂತು, ಫಲ ಗೊತ್ತಾಗುವ ಮೊದಲೇ ಅದನ್ನು ತುಂಬಬೇಕು.

‘ಮನೆಗೆ ಒಳ್ಳೆಯದಾಗಲಿ’ ಎಂಬ ಬೇಡಿಕೆ ಬರೆಯಬೇಡಿ, ಅದು ಸೋಲುವುದೇ ಇಲ್ಲ. ‘ಆಗಸ್ಟ್ 31ರೊಳಗೆ ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಮುಟ್ಟಲಿ’ ಎಂದರೆ ಅಳೆಯಬಹುದು. ಆದರೆ ಆ ಕಟ್ಟೆಗೆ ನೀರು ಬರುವ ಕೊಡಗಿನಲ್ಲಿ ಮುಂಗಾರು ಸುರಿಯುವುದೇ ಆ ತಿಂಗಳುಗಳಲ್ಲಿ. ಕಳೆದ 20 ವರ್ಷದಲ್ಲಿ ಆ ದಿನದೊಳಗೆ ಎಷ್ಟು ಸಲ ತುಂಬಿತ್ತೆಂದು ಹಳೆಯ ಪತ್ರಿಕೆಗಳಲ್ಲಿ ಎಣಿಸಿ, ಆ ಅಂಕಿಯನ್ನೇ ನಾಲ್ಕನೆಯ ಕಾಲಂಗೆ ಹಾಕಿ.

ಕಾಯಿಲೆಯ ಹರಕೆಯಲ್ಲಿ ಲೆಕ್ಕ ತಪ್ಪುವುದು ಬೇರೆ ಕಾರಣಕ್ಕೆ. ಜ್ವರ 99 ಡಿಗ್ರಿ ಇದ್ದಾಗ ಯಾರೂ ಹರಕೆ ಹೊರುವುದಿಲ್ಲ, 103 ದಾಟಿದಾಗ ಹೊರುತ್ತಾರೆ. ಏರಿದ ಜ್ವರ ಹೆಚ್ಚಿನ ಸಲ ತಾನೇ ಇಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಹರಕೆ ಹೊರದ ಜ್ವರಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಔಷಧಿಯನ್ನಂತೂ ಪರೀಕ್ಷೆಗಾಗಿ ನಿಲ್ಲಿಸಬೇಡಿ.

ಹೂ ಕೇಳುವುದು, ಎಂದರೆ ದೇವರ ಮೂರ್ತಿಯ ಎರಡೂ ಕಡೆ ಒದ್ದೆ ಹೂ ಅಂಟಿಸಿ ಯಾವುದು ಮೊದಲು ಬೀಳುತ್ತದೆಂದು ನೋಡುವುದು, ಎಲ್ಲಕ್ಕಿಂತ ಸುಲಭದ ಲೆಕ್ಕ. ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಎಡಗಡೆ ಬಿತ್ತೆಂದು ಮತ್ತೆ ಕೇಳುವ ಹಾಗಿಲ್ಲ. ಮೊದಲು ಬಿದ್ದ ಹೂವೇ ಲೆಕ್ಕ. ಎರಡೂ ಕಡೆ ಒಂದೇ ತೂಕದ ಹೂ ಇರಲಿ, ನೀರು ಇಳಿಯುವ ಕಡೆ ಬೇಗ ಜಾರುತ್ತದೆ. ಹತ್ತು ಸಲದಲ್ಲಿ ಎಂಟು ನಿಜವಾಯಿತೆಂದು ಹಿಗ್ಗುವ ಮೊದಲು ಒಂದು ಮಾತು: ನಾಣ್ಯ ಚಿಮ್ಮಿದರೂ ಎಂಟು ಅಥವಾ ಹೆಚ್ಚು ಸರಿ ಬರುವ ಸಂಭವ 1,024ರಲ್ಲಿ 56, ಎಂದರೆ ನೂರಕ್ಕೆ ಐದೂವರೆ. ಕನಿಷ್ಠ 30 ಸಾಲು ತುಂಬುವವರೆಗೆ ಇಬ್ಬರೂ ಬಾಯಿ ಬಿಡಬೇಡಿ.

ದೊಡ್ಡ ಪ್ರಮಾಣದ ಲೆಕ್ಕವೂ ಇದೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1,802 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮಗಾಗಿ ಬೇರೆಯವರ ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದಷ್ಟೇ ತಿಳಿದಿದ್ದವರ ಪೈಕಿ ಪ್ರಾರ್ಥನೆ ಸಿಕ್ಕವರಲ್ಲಿ ನೂರಕ್ಕೆ 52 ಜನಕ್ಕೆ ತೊಡಕಾಯಿತು, ಸಿಗದವರಲ್ಲಿ 51. ನಿಮಗಾಗಿ ಪ್ರಾರ್ಥಿಸುತ್ತಾರೆಂದು ಖಚಿತವಾಗಿ ಹೇಳಿಸಿಕೊಂಡವರಲ್ಲಿ 59. ನಾಸ್ತಿಕರು ಇದನ್ನೇ ಹಿಡಿದು ಎಗರುತ್ತಾರೆ. ಗುರುತಿಲ್ಲದವರು ಪಟ್ಟಿ ನೋಡಿ ಮಾಡಿದ ಪ್ರಾರ್ಥನೆಯೂ ತಾಯಿ ಹೊತ್ತ ಹರಕೆಯೂ ಒಂದೆಯೇ ಎಂದು ಆಸ್ತಿಕರು ಕೇಳುತ್ತಾರೆ, ಅದೂ ನ್ಯಾಯದ ಪ್ರಶ್ನೆಯೇ.

ಒಂದನ್ನು ಮಾತ್ರ ಈ ಪುಸ್ತಕ ಅಳೆಯಲಾರದು. ‘ಇಲ್ಲ ಎಂಬುದೂ ದೇವರ ಉತ್ತರ’ ಎನ್ನುವವರಿದ್ದರೆ ಆ ಮಾತನ್ನು ಮೊದಲ ಪುಟದಲ್ಲೇ ಬರೆಸಿ. ಹಾಗೆ ಬರೆಸಿದವರು ಮುಂದೆ ‘ಫಲಿಸಿತು ನೋಡಿ’ ಎಂದು ಎಣಿಸಿ ತೋರಿಸುವಂತಿಲ್ಲ. ನಾಸ್ತಿಕರೂ ಫಲಿಸದ್ದನ್ನು ಅವರ ಮುಂದೆ ಹಿಡಿಯುವಂತಿಲ್ಲ. ಮೇಲುಕೋಟೆ ಕಡೆಯ ಶ್ರೀವೈಷ್ಣವ ಹಿರಿಯರು ಪ್ರಪತ್ತಿ ಎಂದರೆ ಶರಣಾಗತಿ, ಬೇಡಿಕೆಯಲ್ಲ ಎಂದರೆ ಅವರನ್ನು ಒತ್ತಾಯಿಸಬೇಡಿ, ಬರೆಸಲು ಅವರಲ್ಲಿ ಸಾಲೇ ಇಲ್ಲ.

ಗಡುವು ಮುಗಿದ ದಿನವೇ ಐದನೆಯ ಕಾಲಂ ತುಂಬಿ, ಇಬ್ಬರೂ ಸಹಿ ಹಾಕಿ. ಆಮೇಲೆ ತಿದ್ದಿದ ಸಾಲು ಯಾರ ಪರವಾಗಿದ್ದರೂ ಹೊಡೆದುಹಾಕಿ. ಪುಟ ಹರಿದಿದ್ದರೆ ಹೊಸ ಪುಸ್ತಕ ಶುರುಮಾಡಿ.