ಅಪ್ಪನ ಆಂಬುಲೆನ್ಸ್ ಮತ್ತು ಪುಟ್ಟಿ ಹಾಕದೆ ಬಿಟ್ಟ ಗುಂಡಿ

ಅಪ್ಪ ತೀರ್ಥಹಳ್ಳಿ ಕಡೆ ಆಂಬುಲೆನ್ಸ್ ಓಡಿಸುತ್ತಿದ್ದರು. 1973ರ ಅಂಬಾಸಿಡರ್ ಮಾರ್ಕ್ 2. ಕಾರಿನ ಹಿಂಭಾಗ ಕತ್ತರಿಸಿ, ತೇಗದ ಚೌಕಟ್ಟು ಕೂರಿಸಿ, ಮೇಲೆ ತಗಡು ಹೊಡೆದು ಉದ್ದ ಮಾಡಿದ ಗಾಡಿ. ಕೆಲಸ ಮುಗಿದ ಮೇಲೆ ಅದು ಒಂದು ಶೆಡ್ಡಿನ ಹಿಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಲೆನಾಡಿನ ಮಳೆಯಲ್ಲಿ ನಿಂತಿತ್ತು. ನಾನು ಗ್ಯಾರೇಜ್ ಕೆಲಸದವನು. ಅದನ್ನು ಮನೆಗೆ ಎಳೆಸಿಕೊಂಡು ಬಂದೆ. ಸರಿ ಮಾಡಲು ಎರಡೂವರೆ ವರ್ಷ ಹಿಡಿಯಿತು.

ಎಂಜಿನ್ ವಿಷಯ ಬೇಗ ಹೇಳುತ್ತೇನೆ. 1489 ಸಿಸಿ ಪೆಟ್ರೋಲ್ ಎಂಜಿನ್, ಪೂರ್ತಿ ಜಾಮ್ ಆಗಿತ್ತು. ನಾಲ್ಕೂ ಪ್ಲಗ್ ಬಿಚ್ಚಿ ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಒಳಗೆ ಹುಯ್ದೆ. ಹತ್ತು ದಿನ ಮುಟ್ಟಲಿಲ್ಲ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ಅಲ್ಲಾಡಿಸುತ್ತಾ ಹೋದೆ, ತಿರುಗಿತು. ದಯವಿಟ್ಟು ಯಾರೂ ಇಂಥ ಎಂಜಿನ್ನಿಗೆ ನೇರ ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತಬೇಡಿ. ಪಿಸ್ಟನ್ ರಿಂಗ್ ಮುರಿಯುತ್ತದೆ. ಹೆಡ್ ಇಳಿಸಿ ವಾಲ್ವ್ ಉಜ್ಜಿಸಿದೆ, ಬ್ರೇಕಿನ ವೀಲ್ ಸಿಲಿಂಡರ್ ಎಲ್ಲ ಬದಲಾಯಿಸಿದೆ. ಅಂಬಾಸಿಡರ್ ಸಾಮಾನು ಹುಡುಕಿದರೆ ಇವತ್ತಿಗೂ ಸಿಗುತ್ತದೆ.

ನಿಜವಾದ ಕಷ್ಟ ಹಿಂಬದಿಯಲ್ಲಿತ್ತು. ಬೇರೆ ಹಳೆ ಕಾರುಗಳು ತುಕ್ಕು ಹಿಡಿಯುವ ರೀತಿಯೇ ಬೇರೆ, ಆಂಬುಲೆನ್ಸ್ ತುಕ್ಕು ಹಿಡಿಯುವ ರೀತಿಯೇ ಬೇರೆ. ಕಾರಿಗೆ ನೀರು ಹೊರಗಿನಿಂದ ಬರುತ್ತದೆ. ಇದಕ್ಕೆ ಒಳಗಿನಿಂದ. ಪ್ರತಿ ಸಲ ಪೇಷಂಟ್ ಇಳಿಸಿದ ಮೇಲೆ ರಕ್ತ, ವಾಂತಿ ಎಲ್ಲ ತೊಳೆಯಬೇಕಿತ್ತು. ಅಪ್ಪ ಎರಡು ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಪೊರಕೆಯಲ್ಲಿ ತಿಕ್ಕುತ್ತಿದ್ದರು. ಆ ನೀರು ಲಿನೋಲಿಯಂ ಹಾಸಿನ ಅಡಿಗೆ ಇಳಿದು ವರ್ಷಗಟ್ಟಲೆ ಅಲ್ಲೇ ಕೂತಿದೆ. ಹಾಸು ಎತ್ತಿದರೆ ಕೆಳಗೆ ನೆಲವೇ ಇಲ್ಲ, ಅಂಗಳ ಕಾಣುತ್ತಿತ್ತು! ಸ್ಟ್ರೆಚರ್ ಜಾರುವ ಕಂಬಿ ಎರಡೂ ಗಟ್ಟಿ ಇದ್ದವು. ಅವನ್ನು ಬಿಚ್ಚದೆ, ಸುತ್ತಲಿನ ತಗಡನ್ನಷ್ಟೇ ಗೇಣು ಗೇಣಾಗಿ ಕತ್ತರಿಸಿ ಹೊಸದು ಬೆಸೆದೆವು. ಚೌಕಟ್ಟಿನ ಕೆಳಗಿನ ಎರಡು ಮರ ಮಾತ್ರ ಲಡ್ಡಾಗಿದ್ದವು. ಹಳೆ ಮನೆ ಕೆಡವಿದ ಕಡೆ ತೇಗದ ತೊಲೆ ಸಿಕ್ಕಿತು, ಅದರಲ್ಲೇ ಮಾಡಿಸಿದೆ.

ಒಳಗೋಡೆಯ ಪ್ಲೈವುಡ್ಡಿನಲ್ಲಿ, ಸಲೈನ್ ಕೊಕ್ಕೆಯ ಪಕ್ಕ, ಅರ್ಧಚಂದ್ರದ ಹಾಗೆ ಒಂದು ಗುಂಡಿ ಇದೆ. ಟಿಂಕರಿಂಗ್ ಮಾಡುತ್ತಿದ್ದ ಗೆಳೆಯರು ಅದನ್ನು ಮುಚ್ಚಲು ಪುಟ್ಟಿ ಕಲಸಿಯೇ ಬಿಟ್ಟಿದ್ದರು. "ಬೇಡ ಮಾರಾಯ್ರೆ, ಅದು ಹಾಗೇ ಇರಲಿ" ಅಂದೆ. ಅವರಿಗೆ ಅರ್ಥ ಆಗಲಿಲ್ಲ.

ಆಗ ಸಲೈನ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಒಳ್ಳೆ ತೂಕ. ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು, 14 ತಿರುವು. ಒಂದೊಂದು ತಿರುವಿಗೂ ಬಾಟಲಿ ತೂಗಾಡಿ ಗೋಡೆಗೆ ಬಡಿಯುತ್ತಿತ್ತು. ಹಿಂದೆ ನರ್ಸ್ ಇರುತ್ತಿರಲಿಲ್ಲ. ಅಪ್ಪ ಮುಂದೆ, ಹಿಂದೆ ಪೇಷಂಟಿನ ಮನೆಯವರು ಒಬ್ಬರು. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ನನಗೆ ಹನ್ನೆರಡು ಹದಿಮೂರು ವರ್ಷ. "ಬಾಟಲಿ ಹಿಡ್ಕೊ ಮಗ, ಏನಾದ್ರೂ ಬಿಡಬೇಡ" ಅನ್ನುತ್ತಿದ್ದರು ಅಪ್ಪ. ಒಂದು ರಾತ್ರಿ ಹೆರಿಗೆ ನೋವಿನ ಹೆಂಗಸೊಬ್ಬರು ನೋವು ತಾಳದೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಾಟಲಿ ಕೈತಪ್ಪಿ ಬಡಿಯಿತು. ಒಡೆಯಲಿಲ್ಲ. ಆ ಗುಂಡಿ ಅವತ್ತಿನದು. ಆ ತಾಯಿ, ಮಗು ಇಬ್ಬರೂ ಉಳಿದರು.

ಕರೆಂಟಿನದ್ದೂ ಒಂದು ಕತೆ. ಬ್ಯಾಟರಿ ಚಾರ್ಜ್ ಮಾಡಲು ಈ ಗಾಡಿಗಿರುವುದು ಹಳೆ ಕಾಲದ ಡೈನಮೊ, ಈಗಿನ ಕಾರುಗಳ ಆಲ್ಟರ್ನೇಟರ್ ಅಲ್ಲ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಚಾರ್ಜ್ ಕೊಡುವುದು ತೀರಾ ಕಡಿಮೆ. ಮಂಜಿನಲ್ಲಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿಕೊಂಡು ತೆವಳುತ್ತಾ ಹೋದರೆ ಬ್ಯಾಟರಿ ಇಳಿಯುತ್ತಿತ್ತು. ಆಗ ಅಪ್ಪ ಹಿಂದಿನ ದೀಪ ಆರಿಸಿ ನನ್ನ ಕೈಗೆ ಟಾರ್ಚ್ ಕೊಡುತ್ತಿದ್ದರು. ಆಲ್ಟರ್ನೇಟರ್ ಕೂರಿಸಿದರೆ ಎಲ್ಲ ಸುಲಭ ಅಂತ ಬಹಳ ಜನ ಹೇಳಿದರು. ನಾನು ಡೈನಮೊವನ್ನೇ ಬಿಚ್ಚಿ, ಒಳಗಿನ ಕಾರ್ಬನ್ ಬ್ರಷ್ ಬದಲಾಯಿಸಿ, ಅದು ತಾಗಿ ತಿರುಗುವ ಕಮ್ಯುಟೇಟರ್ ಉಜ್ಜಿ ಹಾಕಿದೆ. ರಸ್ತೆಯಲ್ಲಿ ದಿನಾ ಓಡಿಸುವವರು ಬೇಕಾದರೆ ಬದಲಾಯಿಸಿಕೊಳ್ಳಲಿ. ಈ ಗಾಡಿ ಹೇಗೆ ಕೆಲಸ ಮಾಡುತ್ತಿತ್ತು ಅಂತ ನೋಡಬೇಕೆಂದರೆ ಆ ಮಂಕು ಬೆಳಕೂ ಇರಬೇಕು, ಅಲ್ವಾ?

ಪೇಂಟಿನಲ್ಲಿ ಮಾತ್ರ ನಾನು ಹಳೆಯದಕ್ಕೆ ಪೂರ್ತಿ ನಿಷ್ಠನಾಗಿ ಉಳಿಯಲಿಲ್ಲ. ಉಜ್ಜುವಾಗ ಮೂರು ಪದರದ ಕೆಳಗೆ ಬಾಗಿಲಿನ ಮೇಲೆ ಕೆಂಪು ಶಿಲುಬೆ ಕಂಡಿತು. ಆ ಕಾಲದಲ್ಲಿ ಎಲ್ಲರೂ ಬರೆಸುತ್ತಿದ್ದರು. ಆದರೆ ಆ ಗುರುತು ರೆಡ್ ಕ್ರಾಸ್ ಸಂಸ್ಥೆಗೆ ಮತ್ತು ಸೇನೆಯ ವೈದ್ಯಕೀಯ ದಳಕ್ಕೆ ಸೇರಿದ್ದು. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಬೇರೆಯವರು ಬಳಸುವ ಹಾಗಿಲ್ಲ. ಯುದ್ಧದಲ್ಲಿ ಜೀವ ಕಾಯುವ ಗುರುತು ಅದು, ಸುಮ್ನೆ ಅಲಂಕಾರಕ್ಕೆ ಬರೆಯುವುದು ನನಗೆ ಸರಿ ಕಾಣಲಿಲ್ಲ. ಫೋಟೊ ತೆಗೆದಿಟ್ಟು, ಮೇಲೆ ಕೆನೆ ಬಣ್ಣ ಹೊಡೆದೆ. ಬ್ರಷ್ಷಿನಲ್ಲೇ 'ಆಂಬುಲೆನ್ಸ್' ಅಂತ ಬರೆಸಿದೆ. ಈಗಿನ ಹಾಗೆ ಕನ್ನಡಿಯಲ್ಲಿ ಓದುವ ತಿರುಗುಮುರುಗು ಅಕ್ಷರ ಈ ಗಾಡಿಗೆ ಇರಲಿಲ್ಲ, ಹಾಕಿಸಲೂ ಇಲ್ಲ.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮುಂಚೆ ರಾತ್ರಿ ಯಾರಿಗಾದರೂ ಆಂಬುಲೆನ್ಸ್ ಬೇಕಾದರೆ ನಮ್ಮ ಮನೆ ಬಾಗಿಲು ಬಡಿಯುತ್ತಿದ್ದರು. ಅಮ್ಮ ಎದ್ದು ಲಾಟೀನು ಹಚ್ಚುವಷ್ಟರಲ್ಲಿ ಅಪ್ಪ ಶರ್ಟ್ ಹಾಕಿಕೊಂಡು ಆಗಿರುತ್ತಿತ್ತು. ಗಾಡಿ ಮೊದಲ ಸಲ ಸ್ಟಾರ್ಟ್ ಆದ ದಿನ ಅಮ್ಮ ಒಳಗಿನಿಂದ ಆ ಸದ್ದು ಕೇಳಿ ಜಗಲಿಗೆ ಬಂದು ನಿಂತರು. ಏನೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, "ಫಿನಾಯಿಲ್ ವಾಸನೆ ಹೋಗಿದೆ" ಅಂದರು.

ಇನ್ನು ಬಾಕಿ ಇರುವುದು ಸ್ಟ್ರೆಚರ್. ಹಳೆಯದರ ಕ್ಯಾನ್ವಾಸ್ ಗೆದ್ದಲು ತಿಂದಿದೆ, ಕಬ್ಬಿಣದ ಚೌಕಟ್ಟೂ ಕಾಣೆ. ಈಗಿನ ಸ್ಟ್ರೆಚರುಗಳು ಅಗಲ ಜಾಸ್ತಿ, ಕಂಬಿಗೆ ಕೂರುವುದಿಲ್ಲ. ಕಂಬಿಯ ಅಳತೆಗೆ ಪೈಪ್ ಬಗ್ಗಿಸಿ ಹೊಸದು ಮಾಡುತ್ತಿದ್ದೇನೆ. ನಾಲ್ಕು ಚಕ್ರದಲ್ಲಿ ಎರಡು ಸಿಕ್ಕಿವೆ.